ಹದಗೊಂಡ ಉಕ್ಕು, ಹಾದಿ ಹಿಡಿದ ಜಲಜನಕ

ಜಲಜನಕಕ್ಕಿಂತ ಹಗುರವಾದ ಧಾತು ಈ ವಿಶ್ವದಲ್ಲಿಲ್ಲ, ಅದಕ್ಕಿಂತ ಹೇರಳವಾದದ್ದೂ ಇಲ್ಲ. ಒಂದು ಪ್ರೋಟಾನು, ಒಂದು ಎಲೆಕ್ಟ್ರಾನು, ಇಷ್ಟೇ ಅದರ ಸಂಸಾರ. ಆದರೂ ಒಂದು ಕಿಲೋಗ್ರಾಂ ಜಲಜನಕದಲ್ಲಿ ಅಡಗಿರುವ ಶಕ್ತಿ ಸುಮಾರು 120 ಮೆಗಾಜೌಲ್, ಅಷ್ಟೇ ತೂಕದ ಪೆಟ್ರೋಲಿನ ಎರಡೂವರೆ ಪಟ್ಟಿಗೂ ಮಿಗಿಲು. ಇಂಧನಕೋಶದಲ್ಲಿ ಅದು ಆಮ್ಲಜನಕದೊಡನೆ ಕೂಡಿದಾಗ ವಿದ್ಯುತ್ತು ಹುಟ್ಟುತ್ತದೆ, ಹೊರಬೀಳುವುದು ನೀರು ಮಾತ್ರ. 2020ರ ಅಕ್ಟೋಬರಿನಲ್ಲಿ ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದಲ್ಲಿ ಈ ಪವಾಡವನ್ನೇ ನಂಬಿ ಒಂದು ಕಾರು ಓಡಿತು. ಬ್ಯಾಟರಿ ಕಾರಿನ ಒಡಲಿಗೆ ಅಳವಡಿಸಿದ್ದ ದೇಶೀಯ ಇಂಧನಕೋಶ, ಬೆನ್ನಿಗೊಂದು ಟ್ಯಾಂಕು, ಅದರಲ್ಲಿ ಸುಮಾರು 1.75 ಕಿಲೋ ಜಲಜನಕ. ಅಷ್ಟರಿಂದಲೇ 250 ಕಿಲೋಮೀಟರಿನಷ್ಟು ದೂರ ಸಾಗಬಹುದೆಂಬುದು ವಿಜ್ಞಾನಿಗಳ ಅಂದಾಜಾಗಿತ್ತು.

ಆ ಟ್ಯಾಂಕಿನೊಳಗಿನ ಒತ್ತಡ ಸುಮಾರು 350 ಬಾರ್, ಅಂದರೆ ಕಾರಿನ ಟೈರಿನ ಗಾಳಿಯ ಒತ್ತಡದ ನೂರೈವತ್ತು ಪಟ್ಟು. ಎಲ್ಲರ ಕಣ್ಣೂ ಇಂಧನಕೋಶದ ಮೇಲೆ ನೆಟ್ಟಿತ್ತು, ಅದು ಸಹಜವೂ ಹೌದು. ಆದರೆ ಜಲಜನಕ ಹುಟ್ಟುವ ಸ್ಥಾವರದಿಂದ ಅದು ಸಾರ್ಥಕವಾಗುವ ಕೋಶದವರೆಗೆ ಒಂದು ದಾರಿ ಬೇಕಲ್ಲವೆ? ಆ ದಾರಿ ಲೋಹದ ಕೊಳವೆ. ಹಸಿರು ಇಂಧನದ ಮಹಾಕಥನದಲ್ಲಿ ಕಡಿಮೆ ಹಾಡಿ ಹೊಗಳಿಸಿಕೊಂಡ, ಆದರೆ ಅತ್ಯಂತ ಜಾಣ್ಮೆ ಬೇಡುವ ಅಧ್ಯಾಯ ಇದೇ. ಯಾವ ನಿಯಮ ಸಂಹಿತೆಯ ಪ್ರಕಾರ ಆ ಕೊಳವೆಯನ್ನು ವಿನ್ಯಾಸಗೊಳಿಸಬೇಕು, ಬೆಸೆದ ಜೋಡಣೆಗೆ ಎಷ್ಟು ಶಾಖ, ಎಷ್ಟು ಹೊತ್ತು ಕೊಡಬೇಕು ಎಂಬ ಎರಡು ನಿರ್ಣಯಗಳ ಮೇಲೆ ಇಡೀ ಸ್ಥಾವರದ ಆಯುಷ್ಯ ನಿಂತಿದೆ.

ಜಲಜನಕವನ್ನು ಹಿಡಿದಿಡುವುದು ಏಕೆ ಇಷ್ಟು ಕಠಿಣ? ಅದು ಗಾಳಿಯಲ್ಲಿ ಶೇಕಡಾ 4ರಿಂದ 75ರವರೆಗಿನ ಯಾವ ಪ್ರಮಾಣದಲ್ಲಿ ಬೆರೆತರೂ ಹೊತ್ತಿಕೊಳ್ಳಬಲ್ಲದು. ಹೊತ್ತಿಸಲು ಬೇಕಾದ ಕಿಡಿ ಅತ್ಯಲ್ಪ. ಹಗಲಿನಲ್ಲಿ ಅದರ ಜ್ವಾಲೆ ಬರಿಗಣ್ಣಿಗೆ ಹೆಚ್ಚುಕಡಿಮೆ ಕಾಣುವುದೇ ಇಲ್ಲ. ಇವೆಲ್ಲ ಹೊರಗಿನ ಅಪಾಯಗಳು. ಒಳಗಿನ ಅಪಾಯ ಇನ್ನೂ ಸೂಕ್ಷ್ಮ: ಜಲಜನಕದ ಪರಮಾಣು ಉಕ್ಕಿನ ಸ್ಫಟಿಕ ಜಾಲದೊಳಕ್ಕೇ ನುಸುಳಿ, ಉಕ್ಕಿನ ಸ್ವಭಾವವನ್ನೇ ಬದಲಿಸಿಬಿಡುತ್ತದೆ.

ಒಡೆದ ಕೊಳವೆಗಳು ಕಲಿಸಿದ ವಿದ್ಯೆ

ಹೆನ್ರಿ ಕ್ಯಾವೆಂಡಿಶ್ ಜಲಜನಕವನ್ನು ಪ್ರತ್ಯೇಕ ಅನಿಲವೆಂದು ಗುರುತಿಸಿದ್ದು 1766ರಲ್ಲಿ. ಅದು ಲೋಹಕ್ಕೆ ಏನು ಮಾಡಬಲ್ಲದೆಂಬುದು ತಿಳಿಯಲು ಮತ್ತೊಂದು ಶತಮಾನ ಬೇಕಾಯಿತು. 1875ರಲ್ಲಿ ವಿಲಿಯಂ ಜಾನ್ಸನ್ ಎಂಬಾತ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಒಂದು ವಿಸ್ಮಯವನ್ನಿಟ್ಟ. ಆಮ್ಲದಲ್ಲಿ ಅದ್ದಿ ತೆಗೆದ ಕಬ್ಬಿಣದ ತಂತಿಯನ್ನು ಬಾಗಿಸಿದರೆ ಅದು ಬಳುಕದೆ ಮುರಿಯುತ್ತಿತ್ತು. ಮುರಿದ ಮುಖವನ್ನು ಒದ್ದೆ ಮಾಡಿದರೆ ಗುಳ್ಳೆಗಳು ಏಳುತ್ತಿದ್ದವು. ಅದೇ ತಂತಿಯನ್ನು ಕೆಲಕಾಲ ಹಾಗೇ ಬಿಟ್ಟರೆ ಅಥವಾ ಬೆಚ್ಚಗೆ ಮಾಡಿದರೆ ಕಳೆದುಹೋದ ಬಳುಕು ಮರಳಿ ಬರುತ್ತಿತ್ತು. ಶಾಖ ಕೊಟ್ಟರೆ ಲೋಹದೊಳಗೆ ಸೇರಿಕೊಂಡ ಜಲಜನಕ ಹೊರಗೆ ಹೋಗುತ್ತದೆ ಎಂಬ ಈ ಅರಿವೇ ಇಂದಿನ ಕಾರ್ಖಾನೆಗಳಲ್ಲಿ ಬೆಸುಗೆ ಮುಗಿದೊಡನೆ ಜೋಡಣೆಯನ್ನು ಗಂಟೆಗಟ್ಟಲೆ 300 ಡಿಗ್ರಿಯ ಆಸುಪಾಸಿನಲ್ಲಿ ಕಾಯಿಸುವ ಕ್ರಮಕ್ಕೆ ಮೂಲ. ಒಂದೂವರೆ ಶತಮಾನ ದಾಟಿದರೂ ಆ ತಂತಿಯ ಪ್ರಯೋಗಕ್ಕೆ ಮುಪ್ಪು ಬಂದಿಲ್ಲ.

ನಿಜವಾದ ಮಹಾಸಮರ ನಡೆದದ್ದು ಜರ್ಮನಿಯಲ್ಲಿ. ಗಾಳಿಯ ಸಾರಜನಕವನ್ನೂ ಜಲಜನಕವನ್ನೂ ಕೂಡಿಸಿ ಅಮೋನಿಯ ಮಾಡುವ ಮಾರ್ಗವನ್ನು ಫ್ರಿಟ್ಸ್ ಹೇಬರ್ ತೋರಿಸಿದ್ದರು. ಅದನ್ನು ಕಾರ್ಖಾನೆಯ ಮಟ್ಟಕ್ಕೆ ತರುವ ಹೊಣೆ ಬಿಎಎಸ್‌ಎಫ್ ಕಂಪನಿಯ ಕಾರ್ಲ್ ಬಾಷ್ ಅವರ ಹೆಗಲೇರಿತು. ನೂರಾರು ಡಿಗ್ರಿ ಶಾಖ, ಇನ್ನೂರು ವಾಯುಭಾರದ ಒತ್ತಡ. ಮೊದಮೊದಲ ಉಕ್ಕಿನ ಕೊಳವೆಗಳು ಎಂಬತ್ತು ಗಂಟೆಗಳಷ್ಟೇ ಬಾಳಿ ಒಡೆದುಹೋದವು. ಒಡೆದ ಉಕ್ಕನ್ನು ಕತ್ತರಿಸಿ ಸೂಕ್ಷ್ಮದರ್ಶಕದಡಿ ನೋಡಿದ ಬಾಷ್‌ಗೆ ರಹಸ್ಯ ಕಂಡಿತು: ಉಕ್ಕಿಗೆ ಬಲ ಕೊಡುವ ಇಂಗಾಲವೇ ಅಲ್ಲಿರಲಿಲ್ಲ! ಬಿಸಿ ಜಲಜನಕ ಉಕ್ಕಿನೊಳಗೆ ಹೊಕ್ಕು, ಇಂಗಾಲದೊಡನೆ ಸೇರಿ ಮೀಥೇನ್ ಆಗಿತ್ತು. ಜಲಜನಕಕ್ಕೆ ಹೊಕ್ಕ ದಾರಿಯಲ್ಲೇ ಹೊರಬರಲು ಸಾಧ್ಯ, ಆದರೆ ಮೀಥೇನ್ ದೊಡ್ಡ ಅಣು. ಅದಕ್ಕೆ ಹೊರದಾರಿ ಇಲ್ಲ. ಹಳೆಯ ದೇಗುಲದ ಕಲ್ಲುಗಳ ಸಂದಿಗೆ ಹೊಕ್ಕ ಅಶ್ವತ್ಥದ ಬೇರಿನಂತೆ ಅದು ಲೋಹದ ಕಣಗಳ ಸಂದುಗಳಲ್ಲಿ ಕೂಡಿಕೊಂಡು, ಒತ್ತಿ, ಬಿರುಕು ಬಿಡಿಸುತ್ತದೆ.

ಬಾಷ್ ಕಂಡುಕೊಂಡ ಪರಿಹಾರದ ಸೊಗಸು ಇಂದಿಗೂ ಎಂಜಿನಿಯರುಗಳನ್ನು ಬೆರಗುಗೊಳಿಸುತ್ತದೆ. ಒಳಗೆ ಇಂಗಾಲವೇ ಇಲ್ಲದಂಥ ಮೆದು ಕಬ್ಬಿಣದ ಪದರ, ಹೊರಗೆ ಒತ್ತಡ ತಾಳುವ ಗಟ್ಟಿ ಉಕ್ಕು, ಆ ಹೊರಗಿನ ಉಕ್ಕಿನಲ್ಲಿ ಉದ್ದೇಶಪೂರ್ವಕವಾಗಿ ಕೊರೆದ ಸಣ್ಣ ಸಣ್ಣ ರಂಧ್ರಗಳು. ಮೆದು ಪದರವನ್ನು ದಾಟಿ ಬಂದ ಜಲಜನಕ ಗಟ್ಟಿ ಉಕ್ಕನ್ನು ಕಾಡುವ ಮೊದಲೇ ರಂಧ್ರಗಳಿಂದ ಹೊರಗೆ ಹೋಗಿಬಿಡುತ್ತಿತ್ತು. ಶತ್ರುವನ್ನು ತಡೆಯುವ ಬದಲು ಅದಕ್ಕೆ ದಾರಿ ಬಿಟ್ಟುಕೊಟ್ಟ ಈ ಯುಕ್ತಿಯಿಂದ 1913ರ ಸೆಪ್ಟೆಂಬರಿನಲ್ಲಿ ಓಪ್ಪಾವ್ ಸ್ಥಾವರ ಕೆಲಸ ಆರಂಭಿಸಿತು. 1931ರಲ್ಲಿ ಬಾಷ್ ನೊಬೆಲ್ ಪಾರಿತೋಷಕದಲ್ಲಿ ಪಾಲು ಪಡೆದರು. ಕರಾವಳಿಯ ಪಣಂಬೂರಿನಲ್ಲಿ ಎಪ್ಪತ್ತರ ದಶಕದಿಂದ ರಸಗೊಬ್ಬರ ತಯಾರಿಸುತ್ತ ಬಂದಿರುವ ಕಾರ್ಖಾನೆಯ ಅಮೋನಿಯಕ್ಕೂ ಇದೇ ವಂಶದ ವಿದ್ಯೆಯೇ ಆಧಾರ.

ಮುಂದೆ ಬಂದದ್ದು ಮಿಶ್ರಲೋಹಗಳ ಯುಗ. ಉಕ್ಕಿಗೆ ಕ್ರೋಮಿಯಂ ಮತ್ತು ಮಾಲಿಬ್ಡಿನಂ ಸೇರಿಸಿದರೆ ಅವು ಇಂಗಾಲವನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತವೆ. ಜಲಜನಕಕ್ಕೆ ಅದನ್ನು ಕಸಿಯಲಾಗುವುದಿಲ್ಲ. ಯಾವ ಉಕ್ಕು ಎಷ್ಟು ಶಾಖಕ್ಕೆ, ಎಷ್ಟು ಒತ್ತಡಕ್ಕೆ ತಾಳುತ್ತದೆ? ಶೆಲ್ ಕಂಪನಿಯ ಜಾರ್ಜ್ ನೆಲ್ಸನ್ ಹಲವಾರು ಸ್ಥಾವರಗಳ ಅನುಭವವನ್ನು ಒಟ್ಟುಗೂಡಿಸಿ 1949ರಲ್ಲಿ ಒಂದು ನಕ್ಷೆ ಬರೆದರು. ಅಡ್ಡ ಅಕ್ಷದಲ್ಲಿ ಜಲಜನಕದ ಭಾಗಶಃ ಒತ್ತಡ, ಲಂಬ ಅಕ್ಷದಲ್ಲಿ ತಾಪಮಾನ, ಒಂದೊಂದು ಬಗೆಯ ಉಕ್ಕಿಗೆ ಒಂದೊಂದು ರೇಖೆ. ರೇಖೆಯ ಕೆಳಗಿದ್ದರೆ ಕ್ಷೇಮ. 1970ರಲ್ಲಿ ಅಮೆರಿಕನ್ ಪೆಟ್ರೋಲಿಯಂ ಸಂಸ್ಥೆ ಅದನ್ನು ಎಪಿಐ 941 ಎಂಬ ಶಿಫಾರಸಿನ ರೂಪದಲ್ಲಿ ಹೊರತಂದಿತು. ಜಗತ್ತಿನ ತೈಲ ಶುದ್ಧೀಕರಣಾಗಾರಗಳಿಗೆ ಅದು ಪಂಚಾಂಗವೇ ಆಯಿತು.

ಆ ಪಂಚಾಂಗಕ್ಕೂ ತಿದ್ದುಪಡಿ ಬೇಕಾದದ್ದು ದುರಂತವೊಂದರ ನಂತರ. 2010ರ ಏಪ್ರಿಲ್ 2ರ ನಡುರಾತ್ರಿ ಅಮೆರಿಕದ ವಾಷಿಂಗ್ಟನ್ ರಾಜ್ಯದ ಅನಕಾರ್ಟಿಸ್‌ನಲ್ಲಿ ಶುದ್ಧೀಕರಣಾಗಾರದ ಶಾಖ ವಿನಿಮಯ ಪಾತ್ರೆಯೊಂದು ಸಿಡಿದು ಏಳು ಮಂದಿ ಪ್ರಾಣ ಕಳೆದುಕೊಂಡರು. ಪಾತ್ರೆ ಸಾಧಾರಣ ಇಂಗಾಲದ ಉಕ್ಕಿನದು, ಕೆಲಸ ಮಾಡುತ್ತಿದ್ದದ್ದು ನೆಲ್ಸನ್ ರೇಖೆಯ ಕೆಳಗೇ ಎಂದು ತನಿಖೆ ಅಂದಾಜಿಸಿತು. ಆದರೂ ಬಿಸಿ ಜಲಜನಕ ಅದನ್ನು ಒಳಗಿನಿಂದ ತಿಂದುಹಾಕಿತ್ತು. ಹಾನಿಯ ಕೇಂದ್ರ ಬೆಸುಗೆಯ ಆಸುಪಾಸಿನಲ್ಲಿತ್ತು, ಆ ಬೆಸುಗೆಗಳಿಗೆ ಬೆಸುಗೆಯ ನಂತರದ ಶಾಖೋಪಚಾರ ಆಗಿರಲಿಲ್ಲ. 2016ರ ಆವೃತ್ತಿಯಲ್ಲಿ ಎಪಿಐ, ಶಾಖೋಪಚಾರ ಆಗದ ಬೆಸುಗೆಯುಳ್ಳ ಇಂಗಾಲದ ಉಕ್ಕಿಗೆಂದೇ ಇನ್ನೂ ಕೆಳಮಟ್ಟದ ಪ್ರತ್ಯೇಕ ರೇಖೆಯನ್ನು ಎಳೆಯಿತು. ಏಳು ಜೀವಗಳ ಬೆಲೆ ತೆತ್ತ ಆ ಒಂದು ರೇಖೆಯನ್ನು ಗೌರವದಿಂದ ಓದಬೇಕು.

ಯಾವ ಸಂಹಿತೆಗೆ ಮೊರೆ?

ಕೊಳವೆಗಳ ನಿಯಮ ಗ್ರಂಥಗಳಲ್ಲಿ ಜಗನ್ಮಾನ್ಯವಾದದ್ದು ಅಮೆರಿಕದ ಮೆಕ್ಯಾನಿಕಲ್ ಎಂಜಿನಿಯರುಗಳ ಸಂಘದ ಬಿ31 ಮಾಲೆ. ಅದರ ಮೊದಲ ರೂಪ ಪ್ರಕಟವಾದದ್ದು 1935ರಲ್ಲಿ. ಕಾಲಕ್ರಮೇಣ ಅದು ಕವಲೊಡೆಯಿತು: ಶುದ್ಧೀಕರಣಾಗಾರ, ರಾಸಾಯನಿಕ ಕಾರ್ಖಾನೆಗಳ ಕೊಳವೆಗಳಿಗೆ ಬಿ31.3, ಊರಿಂದೂರಿಗೆ ಅನಿಲ ಸಾಗಿಸುವ ಮಾರ್ಗಗಳಿಗೆ ಬಿ31.8. ಜಲಜನಕಕ್ಕೆಂದೇ ಮೀಸಲಾದ ಬಿ31.12 ಹೊರಬಂದದ್ದು 2008ರ ಆವೃತ್ತಿಯಾಗಿ, ಬಹಳ ತಡವಾಗಿ. ಅದಕ್ಕೂ ಮೊದಲು ಜಲಜನಕದ ಕೊಳವೆಗಳೇ ಇರಲಿಲ್ಲವೆಂದಲ್ಲ. ಜರ್ಮನಿಯ ರೂರ್ ಪ್ರಾಂತದಲ್ಲಿ 1938ರಿಂದಲೇ ಜಲಜನಕದ ಕೊಳವೆ ಮಾರ್ಗವಿದೆ. ನಮ್ಮ ಮಂಗಳೂರಿನ ಎಂಆರ್‌ಪಿಎಲ್‌ನಂಥ ಶುದ್ಧೀಕರಣಾಗಾರಗಳಲ್ಲಿ ಡೀಸೆಲಿನಿಂದ ಗಂಧಕ ತೆಗೆಯಲು, ಭಾರದ ತೈಲವನ್ನು ಒಡೆಯಲು ಜಲಜನಕ ಹಗಲಿರುಳೂ ಹರಿಯುತ್ತದೆ. ಅಂಥ ಕಡೆ ಬಿ31.3 ಮತ್ತು ಎಪಿಐ 941ರ ಜೋಡಿಯೇ ಬಹುಕಾಲದ ವಾಡಿಕೆ.

ಎರಡು ಸಂಹಿತೆಗಳ ನಡುವಿನ ವ್ಯತ್ಯಾಸ ಕೇವಲ ಅಂಕಿಗಳದ್ದಲ್ಲ, ಮನೋಧರ್ಮದ್ದು. ಬಿ31.3 ವಿಶಾಲ ಹೃದಯದ ಗ್ರಂಥ. ಹಬೆ, ಎಣ್ಣೆ, ಆಮ್ಲ ಎಲ್ಲಕ್ಕೂ ಅದರಲ್ಲಿ ಸ್ಥಳವಿದೆ. 2014ರ ಆವೃತ್ತಿಯಲ್ಲಿ ಅದು ಇಂಗಾಲದ ಉಕ್ಕಿನ ಬೆಸುಗೆಗಳಿಗೆ ದೊಡ್ಡ ರಿಯಾಯಿತಿ ಕೊಟ್ಟಿತು: ದಪ್ಪ ಕೊಳವೆಯನ್ನು ಮೊದಲೇ 95 ಡಿಗ್ರಿಗೆ ಬೆಚ್ಚಗಾಗಿಸಿ, ಪದರದ ಮೇಲೆ ಪದರವಾಗಿ ಬೆಸೆದರೆ, ಎಷ್ಟೇ ದಪ್ಪವಿದ್ದರೂ ನಂತರದ ಶಾಖೋಪಚಾರ ಕಡ್ಡಾಯವಲ್ಲ ಎಂದಿತು. ನೀರಿನ ಕೊಳವೆಗೆ, ಸಾಧಾರಣ ಎಣ್ಣೆಯ ಕೊಳವೆಗೆ ಇದು ಸರಿಯಾದ ಉಳಿತಾಯ. ಬಿ31.12 ಜಲಜನಕವೊಂದನ್ನೇ ಎದುರಿಗಿಟ್ಟುಕೊಂಡು ಬರೆದದ್ದಾದ್ದರಿಂದ ಅಷ್ಟು ಸಡಿಲ ಬಿಡಲಿಲ್ಲ. ಬೆಸುಗೆಯ ಗಡಸುತನಕ್ಕೂ ಅದು ಮಿತಿ ಹಾಕಿತು. ಅನಕಾರ್ಟಿಸ್‌ನ ಚರಿತ್ರೆ ತಿಳಿದವರಿಗೆ ಈ ಬಿಗಿಯ ಮರ್ಮ ಹೊಸದಾಗಿ ಹೇಳಬೇಕಾಗಿಲ್ಲ. ಸಂಹಿತೆ ಹೇಳುವುದು ಕನಿಷ್ಠ ಮಾತ್ರ. ಕೊಳವೆಯಲ್ಲಿ ಹರಿಯುವುದು ಬಿಸಿ ಜಲಜನಕವಾದರೆ, ಮಾಫಿ ಸಿಕ್ಕಿದೆಯೆಂದು ಶಾಖೋಪಚಾರವನ್ನು ಕೈಬಿಡುವುದು ವಿವೇಕವಲ್ಲ ಎಂಬುದು ಈ ಲೇಖಕನ ದೃಢ ನಿಲುವು.

ದೂರದ ಮಾರ್ಗಗಳ ವಿಷಯದಲ್ಲಿ ಬಿ31.12 ಇಟ್ಟಿರುವ ಆಯ್ಕೆಯೂ ಮನನೀಯ. ಉಕ್ಕು ಶಾಶ್ವತವಾಗಿ ರೂಪಗೆಡತೊಡಗುವ ಬಲದಲ್ಲಿ ಹೆಚ್ಚೆಂದರೆ ಅರ್ಧವನ್ನಷ್ಟೇ ಲೆಕ್ಕಕ್ಕೆ ಹಿಡಿದು, ಕೊಳವೆಯನ್ನು ದಪ್ಪ ಮಾಡಿಬಿಡುವುದು ಒಂದು ದಾರಿ. ಆ ಉಕ್ಕನ್ನು ಜಲಜನಕದಲ್ಲೇ ಇಟ್ಟು ಬಿರುಕಿನ ಪರೀಕ್ಷೆ ಮಾಡಿಸಿ, ಅದು ನಿಗದಿತ ತಾಳ್ಮೆ ತೋರಿದರೆ ಜನವಿರಳ ಪ್ರದೇಶದಲ್ಲಿ ಶೇಕಡಾ 72ರವರೆಗೆ ಬಳಸಿಕೊಳ್ಳುವುದು ಇನ್ನೊಂದು. ಒಂದರಲ್ಲಿ ಉಕ್ಕಿಗೆ ಹಣ, ಇನ್ನೊಂದರಲ್ಲಿ ಜ್ಞಾನಕ್ಕೆ ಹಣ. ಇನ್ನೊಂದು ಸ್ವಾರಸ್ಯವಿದೆ: ಹೆಚ್ಚು ಬಲದ ಉಕ್ಕೇ ಉತ್ತಮವೆಂಬ ಸಾಮಾನ್ಯ ನಂಬಿಕೆ ಇಲ್ಲಿ ತಲೆಕೆಳಗಾಗುತ್ತದೆ. ಬಲ ಹೆಚ್ಚಿದಷ್ಟೂ ಜಲಜನಕಕ್ಕೆ ಉಕ್ಕು ಸುಲಭ ತುತ್ತು. ಹಾಗಾಗಿ ಎಕ್ಸ್80 ದರ್ಜೆಯ ಉಕ್ಕಿನಂಥ ಬಲಾಢ್ಯನಿಗಿಂತ ಎಕ್ಸ್52ರಂಥ ಸೌಮ್ಯನಿಗೇ ಹೆಚ್ಚಿನ ಮನ್ನಣೆ.

ಬೆಸುಗೆಯ ಹದ

ಪುಣೆಯ ಸುತ್ತಲಿನ ಚಿಂಚವಾಡ, ಭೋಸರಿ, ಚಾಕಣದ ಕೈಗಾರಿಕಾ ಪಟ್ಟಿ ಬಾಯ್ಲರು, ಒತ್ತಡದ ಪಾತ್ರೆ, ವಾಹನಗಳ ತಯಾರಿಕೆಗೆ ಹೆಸರಾದದ್ದು. ಇಂಥ ನೆಲದಲ್ಲಿ ಶಾಖೋಪಚಾರವನ್ನು ಎಸ್.ಆರ್. ಎಂದೇ ಕರೆಯುತ್ತಾರೆ, ‘ಸ್ಟ್ರೆಸ್ ರಿಲೀವಿಂಗ್’ನ ಹ್ರಸ್ವರೂಪ. ಶೇಕಡಾ ಒಂದೂಕಾಲು ಕ್ರೋಮಿಯಂ ಇರುವ ಪಿ11 ಉಕ್ಕಿನ ಪೈಪಿನ ಜೋಡಣೆಯೊಂದನ್ನು ಹತ್ತಿರದಿಂದ ನೋಡಿದರೆ ಆ ಕಲೆಯ ಘನತೆ ತಿಳಿಯುತ್ತದೆ.

ಪೈಪಿನ ಅಂಚುಗಳನ್ನು ಓರೆಯಾಗಿ ಕಡೆದು, ನಡುವೆ ಕೂದಲೆಳೆಯ ಲೆಕ್ಕದಲ್ಲಿ ಸಂದು ಬಿಟ್ಟು ಜೋಡಿಸುತ್ತಾರೆ. ಮೊದಲು ಪ್ರಿಹೀಟ್: ಸುಮಾರು 120 ಡಿಗ್ರಿಗೆ ಏರಿದೆಯೆ ಎಂದು ನಿಗದಿತ ಶಾಖದಲ್ಲಿ ಕರಗುವ ಬಳಪದಿಂದ ಗೀರಿ ನೋಡುತ್ತಾರೆ. ಬುಡದ ಪದರಕ್ಕೆ ಆರ್ಗನ್ ವೆಲ್ಡಿಂಗ್, ಮೇಲಿನ ಪದರಗಳಿಗೆ ಎಲೆಕ್ಟ್ರೋಡ್. ಆ ಎಲೆಕ್ಟ್ರೋಡುಗಳನ್ನು ಓವನ್ನಿನಲ್ಲಿ ಕಾಯಿಸಿ, ಬಿಸಿ ಡಬ್ಬಿಯಲ್ಲೇ ಹೊತ್ತು ತರಬೇಕು. ಲೇಪನ ತೇವ ಹೀರಿದರೆ ಆ ತೇವದೊಳಗಿನ ಜಲಜನಕವೇ ಬೆಸುಗೆಯನ್ನು ಹೊಕ್ಕುಬಿಡುತ್ತದೆ. ಮಳೆಗಾಲದ ಪುಣೆಯಲ್ಲಿ ಈ ಎಚ್ಚರ ಇಮ್ಮಡಿಯಾಗುತ್ತದೆ. ಸ್ಥಾವರಕ್ಕೆ ಜಲಜನಕ ಬರುವುದಕ್ಕೆ ಎಷ್ಟೋ ತಿಂಗಳ ಮೊದಲೇ ಕಾದಾಟ ಶುರುವಾಗಿರುತ್ತದೆ.

ಬೆಸುಗೆ ಮುಗಿದ ಮೇಲೆ ಕಣ್ಣಿಗೆ ಕಾಣುವುದು ಬೆಳ್ಳಿಯಂತೆ ಮಿನುಗುವ ಅಲೆಅಲೆಯ ಪಟ್ಟಿ. ಕಾಣದ್ದು ಒಳಗಿನ ಬಿಗುವು. ಕರಗಿದ ಲೋಹ ಕುಗ್ಗುತ್ತ ತಣಿಯುವಾಗ ಸುತ್ತಲಿನ ಉಕ್ಕನ್ನು ಎಳೆದಿರುತ್ತದೆ. ಬೇಗ ತಣಿದ ಅಂಚಿನಲ್ಲಿ ಗಾಜಿನಷ್ಟೇ ಬಿರುಸಾದ ರಚನೆ ಮೂಡಿರಬಹುದು. ಬಿಗುವು ಮತ್ತು ಬಿರುಸು ಕೂಡಿದ ಆ ಜಾಗವನ್ನೇ ಜಲಜನಕ ಹುಡುಕಿಕೊಂಡು ಬರುತ್ತದೆ. ಆದ್ದರಿಂದ ಜೋಡಣೆಯ ಮೈಮೇಲೆ ಥರ್ಮೋಕಪಲ್ ತಂತಿಗಳನ್ನು ಬೆಸೆದು, ಸೆರಾಮಿಕ್ ಮಣಿಗಳ ಹೀಟರ್ ಪ್ಯಾಡುಗಳನ್ನು ಸುತ್ತಿ, ಅದರ ಮೇಲೆ ಉಣ್ಣೆಯಂಥ ನಿರೋಧಕದ ಹೊದಿಕೆ ಹೊದಿಸುತ್ತಾರೆ. ಸುಮಾರು 300 ಡಿಗ್ರಿ ದಾಟಿದ ಮೇಲೆ ಏರಿಕೆಯ ವೇಗಕ್ಕೆ ಲಗಾಮು. ಪಿ11ಕ್ಕೆ 650ರಿಂದ 705 ಡಿಗ್ರಿಯ ನಡುವೆ, ದಪ್ಪದ ಪ್ರತಿ 25 ಮಿಲಿಮೀಟರಿಗೆ ಸುಮಾರು ಒಂದು ಗಂಟೆ ನಿಲ್ಲಿಸಿ, ಏರಿದಷ್ಟೇ ಸಾವಧಾನವಾಗಿ ಇಳಿಸಬೇಕು. ಚಾರ್ಟಿನ ಮೇಲೆ ಲೇಖನಿಗಳು ಬರೆಯುವ ಆ ಗೆರೆಯೇ ಸಾಕ್ಷಿಪತ್ರ. ತಣಿದ ಮೇಲೆ ಹಾರ್ಡ್‌ನೆಸ್ ಪರೀಕ್ಷೆ. 225 ಬ್ರಿನೆಲ್ ದಾಟಬಾರದೆಂಬುದು ಈ ಉಕ್ಕಿಗೆ ರೂಢಿಯ ಗಡಿ. ಸಾಧಾರಣ ಇಂಗಾಲದ ಉಕ್ಕಿನ ಬೆಸುಗೆಗೆ ಶುದ್ಧೀಕರಣಾಗಾರಗಳು ಪಾಲಿಸುವ ಮಿತಿ ಇನ್ನೂ ಕಡಿಮೆ, 200.

ಶಾಖ ಎಲ್ಲ ಲೋಹಕ್ಕೂ ಔಷಧವಲ್ಲ. ಪುಣೆಯ ಕಾರಿನಂಥ ವಾಹನಗಳ, ಇಂಧನ ತುಂಬುವ ಕೇಂದ್ರಗಳ ಅಧಿಕ ಒತ್ತಡದ ಕಿರುಕೊಳವೆಗಳಿಗೆ ಸಾಮಾನ್ಯವಾಗಿ ಆರಿಸುವುದು ನಿಕ್ಕಲ್ ಸಾಕಷ್ಟಿರುವ 316ಎಲ್ ಸ್ಟೇನ್‌ಲೆಸ್ ಸ್ಟೀಲ್. ಅಲ್ಲಿ ಬಿಸಿ ಇಲ್ಲ, ಮೀಥೇನಿನ ಭಯವೂ ಇಲ್ಲ. ಇರುವುದು ಜಾನ್ಸನ್ ಕಂಡ ಭಂಗುರತೆಯ ಭಯ. ಈ ಲೋಹದ ಸ್ಫಟಿಕ ರಚನೆಯಲ್ಲಿ ಜಲಜನಕ ಬಹು ನಿಧಾನವಾಗಿ ಚಲಿಸುತ್ತದೆ, ಅದೇ ಅದರ ರಕ್ಷಾಕವಚ. ಇದಕ್ಕೆ ಪಿ11ರ ಚಿಕಿತ್ಸೆ ಕೊಟ್ಟರೆ ಉಪಕಾರಕ್ಕಿಂತ ಅಪಕಾರವೇ ಹೆಚ್ಚು. ಒಂದು ಉಕ್ಕಿಗೆ ಪ್ರಾಣದಾಯಕವಾದ ಶಾಖ ಇನ್ನೊಂದಕ್ಕೆ ಮಾರಕವಾದೀತು ಎಂಬುದರಿಂದಲೇ ಲೋಹ, ಸಂಹಿತೆ, ಶಾಖೋಪಚಾರ ಈ ಮೂರನ್ನೂ ಒಟ್ಟಿಗೆ ನಿರ್ಧರಿಸಬೇಕಾಗುತ್ತದೆ.

ಪುಣೆಯ ಪಾತ್ರ

1950ರ ಜನವರಿಯಲ್ಲಿ ಜವಾಹರಲಾಲ್ ನೆಹರೂ ಉದ್ಘಾಟಿಸಿದ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯ ಈ ನಗರದ ವಿಜ್ಞಾನದ ಹೆಬ್ಬಾಗಿಲು. ಬೆಂಗಳೂರಿನಲ್ಲಿ ಹುಟ್ಟಿದ ಎಲ್.ಕೆ. ದೊರೈಸ್ವಾಮಿ 1978ರಿಂದ 1989ರವರೆಗೆ ಅದರ ನಿರ್ದೇಶಕರಾಗಿದ್ದು, ರಾಸಾಯನಿಕ ಎಂಜಿನಿಯರಿಂಗಿಗೆ ಅಲ್ಲಿ ಗಟ್ಟಿ ನೆಲೆ ಒದಗಿಸಿದರು. ಕನ್ನಡ ನಾಡಿನ ಋಣ ಪುಣೆಯ ಯಂತ್ರೋದ್ಯಮಕ್ಕೆ ಇನ್ನೂ ಹಳೆಯದು. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಜನಿಸಿ, ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ಬದುಕು ಕಟ್ಟಿಕೊಂಡ ಲಕ್ಷ್ಮಣರಾವ್ ಕಿರ್ಲೋಸ್ಕರರ ಪರಂಪರೆಯೇ ಮುಂದೆ ಪುಣೆಯಲ್ಲಿ ಎಂಜಿನ್ನು, ಕಂಪ್ರೆಸರುಗಳ ಕಾರ್ಖಾನೆಗಳಾಗಿ ಹಬ್ಬಿತು.

ಪುಣೆಯ ಕೆಪಿಐಟಿ ಸಂಸ್ಥೆಯೂ ಸಿಎಸ್‌ಐಆರ್ ಪ್ರಯೋಗಾಲಯಗಳೂ 2016ರಿಂದ ಕೈಜೋಡಿಸಿ ಬೆಳೆಸಿದ ಇಂಧನಕೋಶವೇ 2020ರ ಕಾರಿನ ಹೃದಯ. 2022ರ ಆಗಸ್ಟ್ 21ರಂದು ಅದೇ ತಂತ್ರಜ್ಞಾನದ ದೇಶೀಯ ಬಸ್ಸನ್ನು ಕೇಂದ್ರ ಸಚಿವ ಜಿತೇಂದ್ರ ಸಿಂಗ್ ಪುಣೆಯಲ್ಲೇ ಲೋಕಕ್ಕೆ ಪರಿಚಯಿಸಿದರು. 2024ರ ಫೆಬ್ರುವರಿಯಲ್ಲಿ ಕೊಚ್ಚಿ ಹಡಗುಕಟ್ಟೆಯಲ್ಲಿ ನೀರಿಗಿಳಿದ, ಕಾಶಿಯ ಗಂಗೆಗೆಂದು ನಿರ್ಮಿಸಿದ ಜಲಜನಕದ ದೋಣಿಯಲ್ಲೂ ಕೆಪಿಐಟಿಯ ಪಾಲಿದೆ. ಜಲಜನಕ ವಾಹನಗಳಿಗೆ ದೇಶವೇ ರೂಪಿಸಿಕೊಂಡ ಎಐಎಸ್ 157 ಮಾನದಂಡವೂ ಈಗ ಜಾರಿಯಲ್ಲಿದೆ. ವಾಹನಗಳ ಪರೀಕ್ಷೆಗೆ 1966ರಲ್ಲಿ ಸ್ಥಾಪನೆಯಾದ ಎಆರ್‌ಎಐ ಇರುವುದು ಇದೇ ನಗರದ ಗುಡ್ಡದ ಮೇಲೆ. ಸಿಲಿಂಡರು, ಒತ್ತಡದ ಪಾತ್ರೆಗಳಿಗೆ ಅನುಮತಿ ನೀಡುವ ಪೆಸೊ ಸಂಸ್ಥೆಯ ಕೇಂದ್ರ ಕಚೇರಿ ನಾಗಪುರದಲ್ಲಿದೆ. ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ಜಲಜನಕ ಕಣಿವೆ ಯೋಜನೆಗೆ ಆಯ್ಕೆಯಾದ ತಾಣಗಳಲ್ಲಿ ಪುಣೆಯೂ ಒಂದು.

2023ರ ಜನವರಿ 4ರಂದು ಕೇಂದ್ರ ಸಂಪುಟ 19,744 ಕೋಟಿ ರೂಪಾಯಿಗಳ ರಾಷ್ಟ್ರೀಯ ಹಸಿರು ಜಲಜನಕ ಅಭಿಯಾನಕ್ಕೆ ಒಪ್ಪಿಗೆ ಕೊಟ್ಟಿತು. 2030ರ ವೇಳೆಗೆ ವರ್ಷಕ್ಕೆ ಕನಿಷ್ಠ 50 ಲಕ್ಷ ಟನ್ ಉತ್ಪಾದನಾ ಸಾಮರ್ಥ್ಯ ಅದರ ಗುರಿ. ಅಷ್ಟೂ ಜಲಜನಕ ಹರಿಯಬೇಕಾದದ್ದು ಯಾರೋ ಬೆಸೆದ, ಯಾರೋ ಹದವರಿತು ಕಾಯಿಸಿದ ಜೋಡಣೆಗಳ ಮೂಲಕ.

ಇದೇ ಹೊತ್ತಿಗೆ ಸಂಹಿತೆಗಳ ಲೋಕವೂ ಮಗ್ಗುಲು ಬದಲಿಸುತ್ತಿದೆ. ಬಿ31.12 ಪ್ರತ್ಯೇಕ ಗ್ರಂಥವಾಗಿ ಮುಂದುವರಿಯದೆ, ಅದರ ಸಾರ ಕಾರ್ಖಾನೆಯ ಕೊಳವೆಗಳ ಮಟ್ಟಿಗೆ ಬಿ31.3ಕ್ಕೂ ದೂರದ ಮಾರ್ಗಗಳ ಮಟ್ಟಿಗೆ ಬಿ31.8ಕ್ಕೂ ಸೇರುವ ಪ್ರಕ್ರಿಯೆ ನಡೆದಿದೆ. ಹಾಗಾಗಿ ಪುಣೆಯ ವಿನ್ಯಾಸ ಕಚೇರಿಯಲ್ಲಿ ಇಂದು ಹೊಸ ಯೋಜನೆಯ ಕಡತ ತೆರೆಯುವ ಎಂಜಿನಿಯರು ಸಂಹಿತೆಯ ಹೆಸರಿನ ಪಕ್ಕದಲ್ಲೇ ಆವೃತ್ತಿಯ ವರ್ಷವನ್ನೂ ಬರೆಯಬೇಕು. ಅದರ ಕೆಳಗೆ ಜಲಜನಕದ ಭಾಗಶಃ ಒತ್ತಡ, ಅತ್ಯಧಿಕ ತಾಪಮಾನ, ನೆಲ್ಸನ್ ರೇಖೆಗಿಂತ ಎಷ್ಟು ಡಿಗ್ರಿ ಕೆಳಗಿರಬೇಕೆಂಬ ಅಂತರ, ಬೆಸುಗೆಯ ಗಡಸಿನ ಮಿತಿ, ಮತ್ತು ಸಂಹಿತೆ ಮಾಫಿ ಮಾಡಿದರೂ ಈ ಸಾಲಿನ ಕೊಳವೆಗೆ ಎಸ್.ಆರ್. ಬೇಕೋ ಬೇಡವೋ ಎಂಬ ಸ್ಪಷ್ಟ ಸೂಚನೆ. ಎಸ್.ಆರ್. ಚಾರ್ಟುಗಳ ಪ್ರತಿಗಳು ಸ್ಥಾವರ ಬಾಳುವಷ್ಟು ಕಾಲವೂ ಅದೇ ಕಡತದಲ್ಲಿರಬೇಕು.